ಕಾದಂಬರಿಗೆ ಬಂದ ಅಳು ಅಪ್ಪನಿಗೆ ಯಾಕೆ ಬರಲಿಲ್ಲ?

ಈ ಸಲದ ಪತ್ರಗಳಲ್ಲಿ ಪುಸ್ತಕದ ಸುದ್ದಿ ಜಾಸ್ತಿ. ಮಾತು ಶುರುವಾಗುವುದು ಓದಿನಿಂದ, ಬಂದು ನಿಲ್ಲುವುದು ಅಪ್ಪ, ಅಮ್ಮ, ತಮ್ಮ, ಹೆಂಡತಿಯ ಹತ್ತಿರ. ಮನೋವಿಶ್ಲೇಷಣೆಯ ದಾರಿಯಲ್ಲಿ ಜನರ ಮಾತು ಕೇಳುವುದೇ ನನ್ನ ಕೆಲಸ, ಹಾಗಾಗಿ ನನಗೆ ಇದು ಹೊಸದಲ್ಲ. ನೇರವಾಗಿ ಹೇಳಲು ಆಗದ್ದನ್ನು ಜನ ಕನಸಿನ ನೆಪದಲ್ಲಿ ಹೇಳುತ್ತಾರೆ. ಇಲ್ಲದಿದ್ದರೆ ‘ಮೊನ್ನೆ ಒಂದು ಪುಸ್ತಕ ಓದಿದೆ’ ಎಂದು ಶುರು ಮಾಡುತ್ತಾರೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಬರೆದವರ ಗುರುತು ಸಿಗದ ಹಾಗೆ ವಿವರಗಳನ್ನೂ ಬದಲಿಸಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 42 ವರ್ಷ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಆಗ ನಾನು ಅಳಲಿಲ್ಲ. ಬಂದವರನ್ನು ನೋಡಿಕೊಂಡೆ, ಕಾಗದಪತ್ರ ಸರಿ ಮಾಡಿದೆ, ಅಮ್ಮನಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟೆ. ಹೋದ ತಿಂಗಳು ಒಂದು ಕಾದಂಬರಿ ಓದುತ್ತಿದ್ದೆ. ಅದರಲ್ಲಿ ಒಬ್ಬ ಮುದುಕ ತನ್ನ ಕನ್ನಡಕ ಹುಡುಕುತ್ತಾನೆ, ಅಷ್ಟೇ. ಯಾರೂ ಸಾಯುವುದಿಲ್ಲ. ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ತುಂಬ ಸಿಟ್ಟಿನ ಮನುಷ್ಯ, ನಾವು ಹತ್ತಿರ ಇರಲಿಲ್ಲ. ಹೆತ್ತ ಅಪ್ಪನಿಗೆ ಬಾರದ ಅಳು ಯಾರೋ ಬರೆದ ಮುದುಕನಿಗೆ ಬಂತಲ್ಲ. ನಾನು ಕಲ್ಲು ಮನಸ್ಸಿನವಳಾ?

ಉತ್ತರ: ಅಲ್ಲ. ಆ ಅಳು ನಿಮ್ಮ ಅಪ್ಪನದೇ. ಮೂರು ವರ್ಷ ತಡವಾಗಿ ಬಂತು, ಅಷ್ಟೇ.

ಅವರು ಹೋದ ದಿನ ನಿಮಗೆ ಅಳಲು ಪುರುಸೊತ್ತೇ ಇರಲಿಲ್ಲ. ನೀವು ಬರೆದಿರುವ ಮೂರು ಕೆಲಸಗಳನ್ನೇ ನೋಡಿ, ಮೂರೂ ಬೇರೆಯವರಿಗಾಗಿ ಮಾಡಿದ್ದು. ಆದರೆ ಪುರುಸೊತ್ತು ಇಲ್ಲದ್ದೊಂದೇ ಕಾರಣ ಎಂದು ನನಗೆ ಅನಿಸುವುದಿಲ್ಲ. ಬರೀ ಪ್ರೀತಿಸಿದವರಿಗಾಗಿ ಅಳುವುದು ಒಂದು ರೀತಿ ಸುಲಭ. ಪ್ರೀತಿಸಿ, ಹೆದರಿ, ಒಳಗೊಳಗೇ ಸಿಟ್ಟಾಗಿದ್ದವರಿಗಾಗಿ ಅಳುವುದು ಬಹಳ ಕಷ್ಟ. ಅಳಲು ಹೋದರೆ ಸಿಟ್ಟು ಎದ್ದು ಬರುತ್ತದೆ. ಸಿಟ್ಟಾಗೋಣ ಎಂದರೆ ಸತ್ತವರ ಮೇಲೆ ಎಂಥ ಸಿಟ್ಟು ಎಂದು ನಾಚಿಕೆಯಾಗುತ್ತದೆ. ಕೊನೆಗೆ ಎರಡೂ ಗಂಟಲಲ್ಲೇ ನಿಲ್ಲುತ್ತವೆ.

ಕಾದಂಬರಿಯ ಮುದುಕ ನಿಮ್ಮನ್ನು ಗದರಿಸಲಾರ. ಅವನು ಕನ್ನಡಕ ಹುಡುಕುತ್ತಿದ್ದಾನೆ, ಅವನಿಗೆ ಕಾಣಿಸುತ್ತಿಲ್ಲ, ಅವನಿಗೆ ಯಾರಾದರೂ ಬೇಕು. ಜೋರು ದನಿ ಇಲ್ಲದ ಅಪ್ಪ ಒಬ್ಬ ನಿಮಗೆ ಆ ಪುಟದಲ್ಲಿ ಸಿಕ್ಕಿದ. ಅವನ ಎದುರು ಹೆದರಬೇಕಾಗಿರಲಿಲ್ಲ. ಅದಕ್ಕೇ ಇಷ್ಟು ದಿನ ಹೆದರಿಕೆಯ ಹಿಂದೆ ಕೂತಿದ್ದ ಪ್ರೀತಿ ಹೊರಗೆ ಬಂತು.

ಇನ್ನು ನಿಮ್ಮ ಕೊನೆಯ ಸಾಲು. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಶೋಕದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿರುವ ಒಂದು ಮಾತನ್ನು ನಾನು ಕೆಲಸದಲ್ಲಿ ಮತ್ತೆ ಮತ್ತೆ ನೆನೆಯುತ್ತೇನೆ. ದುಃಖದಲ್ಲಿ ಕುಸಿದವರು ತಮ್ಮನ್ನು ತಾವೇ ಬೈದುಕೊಳ್ಳುವುದನ್ನು ತಾಳ್ಮೆಯಿಂದ ಕೇಳಿದರೆ, ಆ ಬೈಗುಳ ಅವರಿಗಿಂತ ಜಾಸ್ತಿ ಅವರು ಕಳೆದುಕೊಂಡವರಿಗೇ ಹೊಂದುತ್ತದೆ ಎನ್ನುತ್ತಾರೆ ಫ್ರಾಯ್ಡ್. ‘ನಾನು ಕಲ್ಲು ಮನಸ್ಸಿನವಳಾ’ ಎಂದು ಕೇಳಿದ್ದೀರಿ. ನಿಮ್ಮ ಮನೆಯಲ್ಲಿ ಕಲ್ಲು ಮನಸ್ಸು ಎಂದು ನಿಮಗೆ ಮೊದಲು ಅನಿಸಿದ್ದು ಯಾರ ಬಗ್ಗೆ? ಉತ್ತರ ನನಗೆ ಬರೆಯಬೇಕಾಗಿಲ್ಲ. ನಿಮಗೆ ಗೊತ್ತಾದರೆ ಸಾಕು.

ಇದು ನಿಮಗೊಬ್ಬರಿಗೇ ಆದದ್ದೂ ಅಲ್ಲ. ಲೇಖಕಿ ವರ್ಜೀನಿಯಾ ವುಲ್ಫ್‌ಗೆ 13 ವರ್ಷವಿದ್ದಾಗ ತಾಯಿ ತೀರಿಕೊಂಡರು. ನಲವತ್ತು ದಾಟುವವರೆಗೂ ಆ ತಾಯಿ ಅವರ ತಲೆಯಿಂದ ಹೋಗಲಿಲ್ಲ. ದನಿ ಕೇಳಿಸುತ್ತಿತ್ತಂತೆ. 1927ರಲ್ಲಿ ಪ್ರಕಟವಾದ ‘ಟು ದ ಲೈಟ್‌ಹೌಸ್’ ಕಾದಂಬರಿಯಲ್ಲಿ ತಾಯಿಯನ್ನು ಬರೆದ ಮೇಲೆ ಆ ಕಾಟ ನಿಂತಿತು. ಮನೋವಿಶ್ಲೇಷಕರು ರೋಗಿಗಳಿಗೆ ಮಾಡುವುದನ್ನು ನಾನು ನನಗೇ ಮಾಡಿಕೊಂಡೆನೇನೋ ಎಂದು ಅವರು ಮುಂದೆ ನೆನಪಿನ ಬರಹದಲ್ಲಿ ಹೇಳಿದ್ದಾರೆ. ಸುಮಾರು ಮೂವತ್ತು ವರ್ಷ ಹಿಡಿಯಿತು. ನಿಮ್ಮದು ಮೂರು.

ಫ್ರಾಯ್ಡರ ಬದುಕಿನಲ್ಲೂ ಹೀಗೊಂದು ಇದೆ. ಶೋಕ ಎನ್ನುವುದು ಒಂದು ಕೆಲಸ, ಮನಸ್ಸು ನೆನಪುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಕೊನೆಗೆ ಹಗುರಾಗುತ್ತದೆ ಎಂದು ಅವರು 1917ರಲ್ಲಿ ಬರೆದಿದ್ದರು. 1920ರಲ್ಲಿ ಅವರ ಮಗಳು ಸೋಫಿ ಫ್ಲೂ ಬಂದು ತೀರಿಕೊಂಡಳು. 1929ರಲ್ಲಿ, ಬದುಕಿದ್ದರೆ ಅವಳಿಗೆ 36 ತುಂಬುತ್ತಿದ್ದ ಹೊತ್ತಿಗೆ, ಮಗನನ್ನು ಕಳೆದುಕೊಂಡಿದ್ದ ಗೆಳೆಯ ಬಿನ್ಸ್‌ವಾಂಗರ್‌ಗೆ ಅವರು ಒಂದು ಪತ್ರ ಬರೆದರು. ಮೊದಲಿನ ತೀವ್ರ ದುಃಖ ಇಳಿಯುತ್ತದೆ, ಆದರೆ ಸಮಾಧಾನ ಅನ್ನುವುದು ಆಗುವುದಿಲ್ಲ, ಆ ಜಾಗವನ್ನು ಬೇರೆ ಏನೂ ತುಂಬುವುದಿಲ್ಲ ಎಂಬುದು ಅದರ ಸಾರ. ಪ್ರಬಂಧಕ್ಕಿಂತ ಈ ಪತ್ರವನ್ನೇ ನಾನು ಹೆಚ್ಚು ನಂಬುತ್ತೇನೆ.

ನೀವು ಮಾಡಬಹುದಾದ್ದು ಒಂದಿದೆ. ಅಪ್ಪನ ಕನ್ನಡಕ ಈಗ ಎಲ್ಲಿದೆ? ಆ ಕನ್ನಡಕದ ಬಗ್ಗೆ ಒಂದು ಪುಟ ಬರೆಯಿರಿ. ಅದನ್ನು ಹಾಕಿಕೊಂಡು ಅವರು ಬೈದದ್ದು ನೆನಪಾದರೆ ಅದನ್ನೂ ಬರೆಯಿರಿ, ಬಿಡಬೇಡಿ. ಸಿಟ್ಟು ಬರೆದರೆ ಪ್ರೀತಿ ಸುಳ್ಳಾಗುವುದಿಲ್ಲ. ನಿದ್ದೆ, ಹಸಿವು, ಕೆಲಸ ಎಲ್ಲ ವಾರಗಟ್ಟಲೆ ಏರುಪೇರಾದರೆ ಮಾತ್ರ ಒಬ್ಬ ಮನೋವೈದ್ಯರನ್ನು ಕಾಣಿ.

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ದಿನಾ ರಾತ್ರಿ ಅವಳಿಗೆ ಸ್ನೋ ವೈಟ್ ಕಥೆಯೇ ಬೇಕು. ಮಲತಾಯಿ ಸಾಯುವ ಪುಟ ಬಂದರೆ ಚಪ್ಪಾಳೆ ತಟ್ಟುತ್ತಾಳೆ. ಮೊನ್ನೆ ಬೈದಾಗ ‘ನೀನು ನನ್ನ ನಿಜವಾದ ಅಮ್ಮ ಅಲ್ಲ’ ಅಂದಳು. ಆ ಪುಸ್ತಕ ಬಚ್ಚಿಟ್ಟುಬಿಡಲಾ? ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ. ಕೆಲವು ರಾತ್ರಿ ಅವಳ ಮೇಲೆ ಎಷ್ಟು ರೇಗುತ್ತದೆ ಅಂದರೆ, ಎದ್ದು ಎಲ್ಲಾದರೂ ಹೋಗಿಬಿಡೋಣ ಅನಿಸುತ್ತದೆ.

ಉತ್ತರ: ಪುಸ್ತಕ ಬಚ್ಚಿಡಬೇಡಿ. ಅದು ನಿಮ್ಮ ಪರವಾಗಿಯೇ ಕೆಲಸ ಮಾಡುತ್ತಿದೆ.

ಚಿಕ್ಕ ಮಗುವಿಗೆ ಅಮ್ಮ ಅಂದರೆ ಇಡೀ ಲೋಕ. ಆ ಅಮ್ಮನೇ ಬೈದರೆ, ಬೇಡ ಅಂದರೆ, ಮಗುವಿಗೆ ಕೊಂದುಬಿಡುವಷ್ಟು ಸಿಟ್ಟು ಬರುತ್ತದೆ. ಆದರೆ ಅಮ್ಮನನ್ನು ಕೊಂದರೆ ತನ್ನ ಗತಿ? ಆಗ ಮಗು ಮನಸ್ಸಿನಲ್ಲೇ ಇಬ್ಬರು ಅಮ್ಮಂದಿರನ್ನು ಮಾಡಿಕೊಳ್ಳುತ್ತದೆ, ಒಬ್ಬಳು ಪೂರ್ತಿ ಒಳ್ಳೆಯವಳು, ಇನ್ನೊಬ್ಬಳು ಪೂರ್ತಿ ಕೆಟ್ಟವಳು. ಎಳೆಯ ಮಕ್ಕಳ ಆಟ ನೋಡುತ್ತಲೇ ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಇದನ್ನು ವಿವರವಾಗಿ ಬರೆದರು. ಮಕ್ಕಳ ಮನಸ್ಸಿನ ಬಗ್ಗೆ ಬರೆದ ಬ್ರೂನೋ ಬೆಟ್ಟೆಲ್‌ಹೈಮ್ 1976ರ ತಮ್ಮ ಪುಸ್ತಕದಲ್ಲಿ ಇದನ್ನೇ ಕಥೆಗಳಿಗೆ ಹಚ್ಚಿ ನೋಡಿದರು. ಕಥೆಯ ಮಲತಾಯಿ ಮಗುವಿನ ಸಿಟ್ಟನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳುತ್ತಾಳೆ. ಒಳ್ಳೆಯ ಅಮ್ಮ ಸುರಕ್ಷಿತವಾಗಿ ಉಳಿಯುತ್ತಾಳೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಆಟಿಸಂಗೆ ತಾಯಂದಿರೇ ಕಾರಣ ಎಂದು ಸಾರಿ ಎಷ್ಟೋ ಅಮ್ಮಂದಿರನ್ನು ಅಳಿಸಿದವರೂ ಇದೇ ಬೆಟ್ಟೆಲ್‌ಹೈಮ್. ಆ ವಾದ ಪೂರ್ತಿ ತಪ್ಪು. ಅವರಿಂದ ಕಥೆಯ ಮಾತನ್ನಷ್ಟೇ ತೆಗೆದುಕೊಳ್ಳೋಣ.

ಸ್ನೋ ವೈಟ್ ಕಥೆಯ ಹಿಂದೆ ಇನ್ನೊಂದು ಸಂಗತಿ ಇದೆ. ಜನಪದ ಕಥೆಗಳನ್ನು ಸಂಗ್ರಹಿಸಿದ ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅದನ್ನು ಮೊದಲು ಅಚ್ಚು ಹಾಕಿಸಿದಾಗ ಆ ರಾಣಿ ಮಲತಾಯಿ ಆಗಿರಲಿಲ್ಲ, ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳನ್ನು ಮಲತಾಯಿ ಮಾಡಿದರು. ಹೆತ್ತ ತಾಯಿಯೇ ಹಾಗಿರುವುದನ್ನು ಓದಲು ದೊಡ್ಡವರಿಗೇ ಆಗದಿದ್ದರೆ, ಆರು ವರ್ಷದ ಮಗು ‘ನೀನು ನಿಜವಾದ ಅಮ್ಮ ಅಲ್ಲ’ ಅಂದದ್ದರಲ್ಲಿ ಏನು ತಪ್ಪು? ಅವಳೂ ಗ್ರಿಮ್ ಸಹೋದರರ ಹಾಗೇ ಅಮ್ಮನನ್ನು ಉಳಿಸಿಕೊಂಡಳು.

ಇನ್ನು ನೀವು ಯಾರಿಗೂ ಹೇಳದ ಮಾತು. ಅದನ್ನು ಬರೆದದ್ದಕ್ಕೆ ನಿಮಗೆ ನನ್ನ ಮನಸಾರೆ ಕೃತಜ್ಞತೆ. ಯಾಕೆಂದರೆ ಇದನ್ನು ಓದುವ ಎಷ್ಟೋ ತಾಯಂದಿರು ಅದೇ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದಾರೆ. ಡಾನಲ್ಡ್ ವಿನಿಕಾಟ್ ಲಂಡನ್ನಿನಲ್ಲಿ ಮಕ್ಕಳ ಡಾಕ್ಟರ್ ಆಗಿದ್ದರು, ಮನೋವಿಶ್ಲೇಷಕರೂ ಹೌದು. ತಾಯಿಯೊಬ್ಬಳು ತನ್ನ ಕೂಸನ್ನು ದ್ವೇಷಿಸಲು ಇರುವ ಕಾರಣಗಳ ಉದ್ದ ಪಟ್ಟಿಯನ್ನೇ 1949ರ ಲೇಖನವೊಂದರಲ್ಲಿ ಕೊಟ್ಟರು. ಕೂಸು ಅವಳನ್ನು ಸಂಬಳವಿಲ್ಲದ ಆಳಿನಂತೆ ನಡೆಸಿಕೊಳ್ಳುತ್ತದೆ, ಬೆಳಗ್ಗೆಯೆಲ್ಲ ಅವಳನ್ನು ಗೋಳಾಡಿಸಿ ಹೊರಗೆ ಹೋದಾಗ ಯಾರೋ ಅಪರಿಚಿತರಿಗೆ ನಗು ಕೊಡುತ್ತದೆ, ಹೀಗೆ. ಈ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಳ್ಳದೆ ತನ್ನೊಳಗೆ ತಾಳಿಕೊಳ್ಳುವುದೇ ತಾಯಿಯ ದೊಡ್ಡ ಶಕ್ತಿ ಎಂದರು ಅವರು. ತಾಯಿಗೆ ಸಿಟ್ಟೇ ಬರಬಾರದು ಎಂದು ಅವರು ಎಲ್ಲೂ ಹೇಳಲಿಲ್ಲ. ಹೋಗಿಬಿಡೋಣ ಅನಿಸಿದರೂ ಮರುದಿನ ಬೆಳಗ್ಗೆ ಎದ್ದು ಅವಳ ಜಡೆ ಹೆಣೆಯುತ್ತೀರಿ, ಅಲ್ವಾ? ಆ ತಾಳಿಕೆ ಅಂದರೆ ಅದೇ.

ಮುಂದಿನ ಸಲ ಅವಳು ಹಾಗೆ ಅಂದರೆ ವಾದ ಬೇಡ. ‘ನಿನಗೆ ನನ್ನ ಮೇಲೆ ತುಂಬ ಸಿಟ್ಟು ಬಂದಿದೆ. ಬರಲಿ. ನಾನು ಇಲ್ಲೇ ಇರ್ತೀನಿ’ ಅನ್ನಿ. ನಿಮ್ಮ ಕೈ ಮೇಲೇಳುವಷ್ಟು ರೇಗಿದರೆ ಮಾತ್ರ ಆಚೆ ಕೋಣೆಗೆ ಹೋಗಿ, ಇನ್ನೊಬ್ಬರನ್ನು ಸಹಾಯಕ್ಕೆ ಕರೆಯಿರಿ. ದಿನಾ ಹಾಗಾಗುತ್ತಿದ್ದರೆ ತಡ ಮಾಡದೆ ಡಾಕ್ಟರಿಗೆ ಹೇಳಿ. ನಿದ್ದೆಗೆಟ್ಟ, ಸೋತ ತಾಯಿಗೂ ಚಿಕಿತ್ಸೆ ಇದೆ.

ಪ್ರಶ್ನೆ: ಬರೀ ಪುಸ್ತಕ ಓದಿ ನನ್ನ ಮನಸ್ಸನ್ನು ನಾನೇ ವಿಶ್ಲೇಷಣೆ ಮಾಡಿಕೊಳ್ಳಬಹುದಾ? ಫ್ರಾಯ್ಡ್ ಕೂಡ ತಮಗೆ ತಾವೇ ಮಾಡಿಕೊಂಡರಂತಲ್ಲ.

ಉತ್ತರ: ಅವರು ಒಬ್ಬರೇ ಇರಲಿಲ್ಲ. ಬರ್ಲಿನ್ನಿನ ಡಾಕ್ಟರ್ ವಿಲ್ಹೆಲ್ಮ್ ಫ್ಲೀಸ್‌ಗೆ ಪತ್ರದ ಮೇಲೆ ಪತ್ರ ಬರೆಯುತ್ತಾ ಅದನ್ನು ಮಾಡಿದರು. 1897ರ ನವೆಂಬರಿನಲ್ಲಿ ಅವರಿಗೇ ಬರೆದ ಪತ್ರದಲ್ಲಿ, ತನ್ನನ್ನು ತಾನೇ ವಿಶ್ಲೇಷಿಸಿಕೊಳ್ಳುವುದು ನಿಜವಾಗಿ ಸಾಧ್ಯವಿಲ್ಲ ಎಂದೂ ಹೇಳಿದರು. ಓದಿ, ಖಂಡಿತ ಓದಿ. ಆದರೆ ಪುಸ್ತಕ ನಿಮ್ಮನ್ನು ತಡೆದು ‘ಈಗ ಯಾಕೆ ಮಾತು ಬದಲಿಸಿದಿರಿ?’ ಎಂದು ಕೇಳುವುದಿಲ್ಲ. ಅದಕ್ಕೆ ಎದುರಿಗೆ ಮನುಷ್ಯರೇ ಬೇಕು.

ಪ್ರಶ್ನೆ: ನನಗೆ 21. ಮನಶ್ಶಾಸ್ತ್ರದ ವಿದ್ಯಾರ್ಥಿ. ಫ್ರಾಯ್ಡ್ ಓದಿದ ಮೇಲೆ ನಮ್ಮ ಮನೆ ಏನೆಂದು ಅರ್ಥವಾಯಿತು. ಅಪ್ಪನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು, ಅಮ್ಮ ನನ್ನನ್ನು ದೊಡ್ಡವನಾಗಲು ಬಿಡುವುದಿಲ್ಲ. ಮಗನಿಗೆ ಅಮ್ಮನ ಮೇಲೆ ಮೋಹ, ಅಪ್ಪನ ಜೊತೆ ಪೈಪೋಟಿ ಎನ್ನುವ ಈಡಿಪಸ್ ಕಾಂಪ್ಲೆಕ್ಸ್ ಸಮೇತ ಎಲ್ಲವನ್ನೂ ಊಟದ ಹೊತ್ತಿಗೆ ವಿವರಿಸಿದೆ. ಅಪ್ಪ ಎದ್ದು ಹೋದರು. ಅಮ್ಮ ಒಂದು ವಾರ ಮಾತು ಬಿಟ್ಟರು. ಈಗ ಅಪ್ಪನಿಗೆ ದೊಡ್ಡ ಪತ್ರ ಬರೆದಿಟ್ಟಿದ್ದೇನೆ. ಕೊಡಲಾ?

ಉತ್ತರ: ಈಗಲೇ ಬೇಡ.

ನೀವು ನನಗೆ ಬರೆದ ಪತ್ರ ನಾಲ್ಕು ಪುಟ ಇದೆ. ಅದರಲ್ಲಿ ಹೊಟ್ಟೆಕಿಚ್ಚು ಇದೆ, ದಮನ ಇದೆ, ಕಾಂಪ್ಲೆಕ್ಸ್ ಇದೆ. ನಿಮ್ಮ ಅಪ್ಪ ಒಂದು ದಿನ ಏನು ಮಾಡಿದರು, ಏನು ಅಂದರು ಎಂಬ ಒಂದೇ ಒಂದು ಘಟನೆ ಇಲ್ಲ. ನೋವಾಗಿದೆ ಎಂಬುದು ನನಗೆ ಸಾಲುಸಾಲಿನಲ್ಲೂ ಕಾಣುತ್ತದೆ. ಆದರೆ ಎಲ್ಲಿ ನೋವಾಯಿತೋ ಅಲ್ಲಿ ಪಾಠಪುಸ್ತಕದ ಶಬ್ದ ಬಂದು ಕೂತಿದೆ.

1910ರಲ್ಲಿ ಫ್ರಾಯ್ಡ್ ಇಂಥದ್ದರ ಬಗ್ಗೆಯೇ ಬರೆದರು. ಸಿದ್ಧಾಂತ ಕಲಿತವರು ಎದುರಿಗಿದ್ದವರ ಮುಖಕ್ಕೆ ಅವರ ಗುಟ್ಟನ್ನು ಎಸೆದರೆ ಏನೂ ಗುಣವಾಗುವುದಿಲ್ಲ, ಅದು ಬರಗಾಲದಲ್ಲಿ ಹಸಿದವರಿಗೆ ಊಟದ ಪಟ್ಟಿ ಹಂಚಿದ ಹಾಗೆ ಎಂದರು. ನಿಮ್ಮ ಅಪ್ಪನಿಗೆ ಆ ರಾತ್ರಿ ಸಿಕ್ಕಿದ್ದು ಆ ಪಟ್ಟಿಯೇ.

ಲೇಖಕ ಫ್ರಾಂಜ್ ಕಾಫ್ಕಾ ಕೂಡ ಅಪ್ಪನಿಗೆ ಪತ್ರ ಬರೆದ. 1919ರಲ್ಲಿ, ಅವನಿಗೆ 36 ವರ್ಷವಿದ್ದಾಗ. ಕೈಬರಹದಲ್ಲಿ ನೂರು ಪುಟ ದಾಟಿತ್ತು. ಅದರಲ್ಲಿ ಒಂದು ಘಟನೆ ಇದೆ. ಅವನು ಚಿಕ್ಕವನಿದ್ದಾಗ ಒಂದು ರಾತ್ರಿ ನೀರು ಬೇಕೆಂದು ರಗಳೆ ಮಾಡುತ್ತಾನೆ. ಅಪ್ಪ ಅವನನ್ನು ಹಾಸಿಗೆಯಿಂದ ಎತ್ತಿ, ಹೊರಗಿನ ಮೊಗಸಾಲೆಯಲ್ಲಿ ರಾತ್ರಿ ಅಂಗಿಯಲ್ಲೇ ನಿಲ್ಲಿಸಿ ಬಾಗಿಲು ಹಾಕಿಬಿಡುತ್ತಾನೆ. ಈ ಒಂದು ರಾತ್ರಿಯನ್ನು ಓದಿದ ಯಾರೂ ಮರೆಯುವುದಿಲ್ಲ. ಯಾವ ಕಾಂಪ್ಲೆಕ್ಸಿನ ಹೆಸರೂ ಅಲ್ಲಿ ಬೇಕಾಗಲಿಲ್ಲ. ಆ ಪತ್ರದ ಕೊನೆಯಲ್ಲಿ ಕಾಫ್ಕಾ ಇನ್ನೊಂದು ಕೆಲಸ ಮಾಡಿದ. ಇದನ್ನೆಲ್ಲ ಓದಿ ಅಪ್ಪ ಏನೆಂದು ಉತ್ತರ ಕೊಟ್ಟಾನು ಎಂಬುದನ್ನೂ ಅಪ್ಪನ ದನಿಯಲ್ಲಿ ತಾನೇ ಬರೆದ. ಆ ಉತ್ತರ ಮೆತ್ತಗಿಲ್ಲ, ಮಗನ ತಪ್ಪುಗಳನ್ನು ಎತ್ತಿ ಹೇಳುತ್ತದೆ. ಪತ್ರವನ್ನು ತಾಯಿಯ ಕೈಗೆ ಕೊಟ್ಟ. ಆಕೆ ಅದನ್ನು ಗಂಡನಿಗೆ ತಲುಪಿಸದೆ ವಾಪಸ್ ಕೊಟ್ಟಳು. ಅಪ್ಪ ಅದನ್ನು ಓದಲೇ ಇಲ್ಲ.

ಹಾಗಾಗಿ ಎರಡು ಕೆಲಸ ಮಾಡಿ. ಪತ್ರದಿಂದ ಪುಸ್ತಕದ ಶಬ್ದಗಳನ್ನೆಲ್ಲ ತೆಗೆದು, ಆ ಜಾಗದಲ್ಲಿ ನಿಜವಾಗಿ ನಡೆದದ್ದನ್ನು ಬರೆಯಿರಿ. ಆಮೇಲೆ ಅಪ್ಪನ ಉತ್ತರವನ್ನು ನೀವೇ ಬರೆಯಿರಿ, ಅವರ ಪರವಾಗಿ, ಅವರಿಗೆ ಮೋಸವಾಗದ ಹಾಗೆ. ಎರಡೂ ಮುಗಿದ ಮೇಲೆ ಕೊಡಬೇಕು ಅನಿಸಿದರೆ ಕೊಡಿ. ಅಮ್ಮನ ಕೈಯಲ್ಲಿ ಬೇಡ, ನೀವೇ ಕೊಡಿ.

ಫ್ರಾಯ್ಡ್ ಬರೆದದ್ದರಲ್ಲಿ ನೀವು ಇನ್ನೂ ಓದಿರಲಿಕ್ಕಿಲ್ಲ ಅನಿಸುವ ಒಂದು ಪುಟ್ಟ ಬರಹವಿದೆ, 1909ರದ್ದು. ಮಕ್ಕಳು ‘ಇವರು ನನ್ನ ಅಪ್ಪ ಅಮ್ಮ ಅಲ್ಲ, ನಾನು ಯಾರೋ ದೊಡ್ಡವರ ಮಗ’ ಎಂದು ಕಲ್ಪಿಸಿಕೊಳ್ಳುವ ಬಗ್ಗೆ. ಕೊನೆಗೆ ಅವರು ಹೇಳುವುದು ಇದು: ಆ ಕಲ್ಪನೆಯ ದೊಡ್ಡ ಮನುಷ್ಯನಿಗೆ ಇರುವುದು ನಿಜವಾದ ಅಪ್ಪನ ಗುಣಗಳೇ, ಅಪ್ಪನೇ ಎಲ್ಲರಿಗಿಂತ ಬಲಶಾಲಿ ಎಂದು ಕಾಣುತ್ತಿದ್ದ ಕಾಲಕ್ಕಾಗಿ ಮಗು ಹಂಬಲಿಸುತ್ತಿದೆ. ನಿಮ್ಮ ನಾಲ್ಕು ಪುಟದ ಸಿಟ್ಟಿನಲ್ಲಿ ಆ ಹಂಬಲ ನನಗೆ ಕೇಳಿಸಿತು.

ಪ್ರಶ್ನೆ: ನನಗೆ ಏಳು ವರ್ಷವಿದ್ದಾಗ ತಮ್ಮ ಹುಟ್ಟಿದ. ‘ಇವನು ಸತ್ತುಹೋಗಲಿ’ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಎರಡು ವರ್ಷ ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟ. ಈಗ ನನಗೆ 35. ಅಕ್ಕ ತಮ್ಮ ಇರುವ ಕಥೆ ಬಂದರೆ ಪುಸ್ತಕ ಮುಚ್ಚಿಬಿಡುತ್ತೇನೆ.

ಉತ್ತರ: ನಿಮ್ಮ ತಮ್ಮನನ್ನು ಕೊಂದದ್ದು ಜ್ವರ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಏಳು ವರ್ಷದ ಹುಡುಗಿಗೆ ಆಗ ಯಾರೂ ಇದನ್ನು ಹೇಳಿರಲಿಕ್ಕಿಲ್ಲ.

ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಹಾಗೇ ಆಗುತ್ತದೆ ಎಂದು ಚಿಕ್ಕ ಮಕ್ಕಳು ನಂಬುತ್ತಾರೆ. ಹೊಸ ಕೂಸು ಬಂದಾಗ ‘ಇದು ವಾಪಸ್ ಹೋಗಲಿ’ ಅಂದುಕೊಳ್ಳದ ಮಗು ಅಪರೂಪ. ಬಹಳ ಮನೆಗಳಲ್ಲಿ ಕೂಸು ಬದುಕುತ್ತದೆ, ಇಬ್ಬರೂ ಕಿತ್ತಾಡಿಕೊಂಡು ಬೆಳೆಯುತ್ತಾರೆ, ಆ ಮಾತು ಮರೆತುಹೋಗುತ್ತದೆ. ನಿಮಗೆ ಮರೆಯುವ ಅವಕಾಶ ಸಿಗಲಿಲ್ಲ. ಫ್ರಾಯ್ಡರಿಗೂ ಸಿಗಲಿಲ್ಲ. ಅವರಿಗೆ ಎರಡು ವರ್ಷ ತುಂಬುವ ಮೊದಲೇ ತಮ್ಮ ಜೂಲಿಯಸ್ ತೀರಿಕೊಂಡ. ಅವನು ಹುಟ್ಟಿದಾಗ ಹೊಟ್ಟೆಕಿಚ್ಚಿನಿಂದ ಕೆಟ್ಟದ್ದು ಬಯಸಿದ್ದೆ, ಅವನ ಸಾವು ನನ್ನಲ್ಲಿ ಪಶ್ಚಾತ್ತಾಪದ ಬೀಜ ಬಿತ್ತಿತು ಎಂದು ನಾನು ಮೇಲೆ ಹೇಳಿದ ಫ್ಲೀಸ್‌ಗೆ 1897ರ ಅಕ್ಟೋಬರಿನಲ್ಲಿ ಬರೆದರು. ಆಗ ಅವರಿಗೆ 41 ವರ್ಷ.

ಪುಸ್ತಕ ಮುಚ್ಚುವುದಿದ್ದರೆ ಮುಚ್ಚಿ. ಓದಲೇಬೇಕೆಂಬ ಹಟ ಬೇಡ. ಅದಕ್ಕಿಂತ ಮುಖ್ಯವಾದದ್ದು ತಮ್ಮನನ್ನು ನೆನಪಿಟ್ಟಿರುವ ಒಬ್ಬರನ್ನು ಹುಡುಕುವುದು. ಅಮ್ಮ ಇದ್ದಾರಾ? ‘ಅವನು ಹೇಗೆ ನಗುತ್ತಿದ್ದ?’ ಎಂದು ಕೇಳಿ. ನೀವು ಬಯಸಿದ್ದನ್ನು ಹೇಳಲು ಧೈರ್ಯ ಬಂದ ದಿನ ಅದನ್ನೂ ಹೇಳಿ. ಅಮ್ಮನಿಗೆ ಹೇಳಲು ಆಗದಿದ್ದರೆ ಒಬ್ಬ ಚಿಕಿತ್ಸಕರಿಗೆ ಹೇಳಿ. ಇಷ್ಟು ವರ್ಷ ಒಬ್ಬರೇ ಹೊತ್ತಿದ್ದೀರಿ, ಸಾಕು.

ಪ್ರಶ್ನೆ: ನನ್ನ ಹೆಂಡತಿ ಊಟವಾದ ಮೇಲೆ ಪುಸ್ತಕ ಹಿಡಿದರೆ ಮಲಗುವವರೆಗೂ ಕೆಳಗಿಡುವುದಿಲ್ಲ. ಪಕ್ಕದಲ್ಲಿ ಕೂತರೂ ಮಾತಿಲ್ಲ. ನನ್ನಿಂದ ತಪ್ಪಿಸಿಕೊಳ್ಳಲು ಓದುತ್ತಾಳಾ?

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಎರಡನೆಯದನ್ನು ಮೊದಲು ನೋಡೋಣ.

ವಿನಿಕಾಟ್ 1958ರಲ್ಲಿ ಒಂಟಿಯಾಗಿರುವ ಶಕ್ತಿಯ ಬಗ್ಗೆ ಒಂದು ಲೇಖನ ಬರೆದರು. ಕೂಸು ಒಂಟಿಯಾಗಿರುವುದನ್ನು ಕಲಿಯುವುದು ಅಮ್ಮ ಹತ್ತಿರದಲ್ಲಿ ಇದ್ದಾಗಲೇ. ಅಮ್ಮ ಇದ್ದಾಳೆ, ಏನೂ ಕೇಳುತ್ತಿಲ್ಲ, ಹಾಗಾಗಿ ಕೂಸು ನಿಶ್ಚಿಂತೆಯಿಂದ ತನ್ನ ಬೆರಳಿನ ಜೊತೆ ಆಡಬಹುದು. ದೊಡ್ಡವರಾದ ಮೇಲೂ ನಮಗೆ ಅದು ಬೇಕು. ನಿಮ್ಮ ಹೆಂಡತಿ ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಓದುತ್ತಿಲ್ಲ, ನಿಮ್ಮ ಪಕ್ಕದಲ್ಲೇ ಓದುತ್ತಾರೆ. ಹಗಲೆಲ್ಲ ಎಲ್ಲರ ಮಾತಿಗೆ ಉತ್ತರ ಕೊಟ್ಟವರಿಗೆ, ಉತ್ತರ ಕೇಳದ ಒಬ್ಬ ಮನುಷ್ಯ ಹತ್ತಿರ ಇರುವುದು ದೊಡ್ಡ ನೆಮ್ಮದಿ. ಆ ಮನುಷ್ಯ ನೀವಾಗಿರಬಹುದು.

ಮೊದಲನೆಯದು ನಿಜವಾಗಿದ್ದರೆ ಅದರ ಗುರುತು ಓದಿನಲ್ಲಿ ಸಿಗುವುದಿಲ್ಲ, ಬೇರೆ ಹೊತ್ತಿನಲ್ಲಿ ಸಿಗುತ್ತದೆ. ಬೆಳಗ್ಗೆ ಮಾತಿದೆಯಾ? ನಿಮ್ಮ ದಿನ ಹೇಗಿತ್ತು ಎಂದು ಅವರು ಕೇಳುತ್ತಾರಾ? ನೀವು ಕೇಳುತ್ತೀರಾ? ಅಲ್ಲೂ ಮೌನವೇ ಇದ್ದರೆ, ರಾತ್ರಿ ಅವರ ಪುಸ್ತಕವನ್ನು ದೂರಬೇಡಿ. ರಜೆಯ ದಿನ ಬೆಳಕಿರುವಾಗ ಕೂತು ನೇರವಾಗಿ ಕೇಳಿ: ‘ನನ್ನ ಮೇಲೆ ಏನಾದರೂ ಬೇಜಾರಿದೆಯಾ?’ ಉತ್ತರ ಬರಲು ತಡವಾದರೆ ಕಾಯಿರಿ. ಆ ಹೊತ್ತಿನಲ್ಲಿ ನೀವು ಮೊಬೈಲ್ ನೋಡಬೇಡಿ.